ಕುವೈತಿನ ಬಿಹೊನ್, ಕುಂಬಳೆಯ ಸಿಗಡಿ

ಕಾಯಿಸದೆ ಮೊದಲೇ ಹೇಳಿಬಿಡುತ್ತೇನೆ: ಬಿಹೊನ್ ಎಂಬ ಫಿಲಿಪ್ಪೀನ್ಸಿನ ಸಪೂರ ಒಣ ನೂಡಲ್ಸಿನ ಪೊಟ್ಟಣ ಕೊಂಡರೆ ಹಣ ದಂಡವಲ್ಲ. ದಂಡವಾಗುವುದು ಅದನ್ನು ನಮ್ಮ ಶ್ಯಾವಿಗೆಯ ಹಾಗೆ ಕುದಿಯುವ ನೀರಿಗೆ ಹಾಕಿದರೆ. ನಾನು ಹಾಕಿದ್ದೆ. ಮಾಡುವ ಕ್ರಮವನ್ನು ಪೊಟ್ಟಣದ ಹಿಂಬದಿಯಲ್ಲಿ ಅಚ್ಚು ಹಾಕಿದ್ದರು ಎಂದು ಕಾಣುತ್ತದೆ. ಆಮದು ಮಾಡಿದವರು ಅರಬಿ ಲಿಪಿಯ ಚೀಟಿಯೊಂದನ್ನು ಹುಡುಕಿ ಹುಡುಕಿ ಅದೇ ಜಾಗಕ್ಕೆ ಅಂಟಿಸಿದ್ದರು. ಉಗುರಿನಿಂದ ಕೆರೆದೆ. ಚೀಟಿಯೊಡನೆ ಕೆಳಗಿನ ಅಕ್ಷರಗಳೂ ಎದ್ದು ಬಂದವು. ದಿನವಿಡೀ ಕಾಗದ, ಶಾಯಿ, ಅಂಟುಗಳ ನಡುವೆ ಬದುಕುವವನು ನಾನು. ಇಷ್ಟು ನಿಷ್ಠೆಯಿಂದ ಅಂಟಿಕೊಂಡ ಚೀಟಿಯನ್ನು ಬೇರೆಲ್ಲೂ ಕಂಡಿಲ್ಲ.

ಕುಂಬಳೆಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ. ಹೆಂಡತಿ ಹನ್ನೊಂದು ವರ್ಷದಿಂದ ಕುವೈತಿನಲ್ಲಿ ನರ್ಸ್. ಸೀತಾಂಗೋಳಿಯ ಮನೆಯಲ್ಲಿರುವುದು ಅಮ್ಮ, ಒಂಬತ್ತನೆಯ ತರಗತಿಯ ಮಗಳು ಮತ್ತು ನಾನು. ಅಡುಗೆ ನನ್ನದು. ಮೊದಮೊದಲು ನಿರ್ವಾಹವಿಲ್ಲದೆ ಮಾಡುತ್ತಿದ್ದೆ, ಈಗ ಬೇರೆಯವರು ನನ್ನ ಸೌಟು ಮುಟ್ಟಿದರೆ ಸಿಟ್ಟು ಬರುತ್ತದೆ. ಹೆಂಡತಿಯ ಕೋಣೆಯಲ್ಲಿ ಜೊತೆಗಿರುವವರು ಫಿಲಿಪ್ಪೀನ್ಸಿನ ಒಬ್ಬ ನರ್ಸ್, ಇವಳಿಗಿಂತ ಆರು ವರ್ಷ ದೊಡ್ಡವರು. ಇವಳು ಅವರನ್ನು ‘ಆತೆ’ ಎಂದು ಕರೆಯುತ್ತಾಳೆ. ಅವರ ತಗಾಲೊಗ್ ಭಾಷೆಯಲ್ಲಿ ಅಕ್ಕನಿಗೆ ಹಾಗೆನ್ನುತ್ತಾರೆ. ‘ಆತೆ ಹೀಗೆ ಹೇಳಿದರು’, ‘ಆತೆ ಬೈದರು’ ಎಂದು ವಿಡಿಯೊ ಕರೆಯಲ್ಲಿ ಕೇಳಿ ಕೇಳಿ ನನ್ನ ಅಮ್ಮ ಒಂದು ದಿನ ಬಾಯಿಯ ಎಲೆಅಡಿಕೆ ಉಗಿದು ಬಂದವರೇ ‘ನಾನು ಯಾವಾಗ ಬೈದೆ?’ ಎಂದು ಜಗಳಕ್ಕೆ ನಿಂತರು. ಅತ್ತೆಗೂ ಆತೆಗೂ ಇರುವ ವ್ಯತ್ಯಾಸವನ್ನು ತಿಳಿಸಿ ಹೇಳಲು ಅರ್ಧ ಗಂಟೆ ಬೇಕಾಯಿತು. ಅಮ್ಮ ಪೂರ್ತಿ ನಂಬಿದ್ದಾರೆಂದು ಈಗಲೂ ನನಗೆ ಅನಿಸುವುದಿಲ್ಲ.

ಕಳೆದ ರಜೆಯಲ್ಲಿ ಬರುವಾಗ ಹೆಂಡತಿ ಕಾಲು ಕಿಲೋದ ಎರಡು ಪೊಟ್ಟಣ ತಂದಳು. ‘ಆತೆ ಇದರಲ್ಲಿ ಪನ್ಸಿತ್ ಮಾಡುತ್ತಾರೆ. ನೀವೂ ಒಮ್ಮೆ ಮಾಡಿ, ಮಗಳು ತಿನ್ನಲಿ’ ಎಂದಳು. ತಾನಿದ್ದ ಇಪ್ಪತ್ತೆಂಟು ದಿನಗಳಲ್ಲಿ ಅವಳಿಗೆ ಬೇಕಾದದ್ದು ಪತ್ರೊಡೆ, ನೀರುದೋಸೆ, ಬಂಗುಡೆಯ ಪುಳಿಮುಂಚಿ ಮಾತ್ರ. ಪೊಟ್ಟಣ ಬಿಚ್ಚಿದ್ದು ಅವಳು ವಿಮಾನ ಹತ್ತಿದ ಮೇಲೆ.

ಪನ್ಸಿತ್ ಎಂದರೆ ಬಾಡಿಸಿದ ತರಕಾರಿ, ಮಾಂಸ, ಸಿಗಡಿಗಳ ಜೊತೆ ಬಾಣಲೆಯಲ್ಲಿ ಹೊರಳಿಸಿದ ನೂಡಲ್ಸ್. ಹೆಸರು ಫಿಲಿಪ್ಪೀನ್ಸಿನದಲ್ಲ, ದಕ್ಷಿಣ ಚೀನಾದ ಹೊಕ್ಕಿಯೆನ್ ಮಾತಿನದು. ಸುಲಭವಾಗಿ ಸಿದ್ಧವಾಗುವ ಊಟ ಎಂದು ಅದರ ಅರ್ಥವಂತೆ. ಆ ‘ಸುಲಭ’ದ ಬಗ್ಗೆ ಮುಂದೆ ಹೇಳುತ್ತೇನೆ. ಮನಿಲಾದ ಬಿನೊಂಡೊ ಎಂಬ ಚೀನೀ ಪೇಟೆ ಸ್ಪೇನಿನವರ ಕಾಲದಲ್ಲಿ, 1594ರಲ್ಲಿ ಹುಟ್ಟಿದ್ದು. ಚೀನೀಯರ ನೂಡಲ್ಸ್‌ಗೆ ಸ್ಪೇನಿನವರ ‘ಗಿಸಾಡೊ’ ಎಂಬ ಬಾಲ ಸೇರಿ ಪನ್ಸಿತ್ ಗಿಸಾಡೊ ಆಯಿತು. ಬೆಳ್ಳುಳ್ಳಿ, ಈರುಳ್ಳಿ ಬಾಡಿಸಿ ಮಾಡಿದ್ದು ಎಂದರ್ಥ. ನಮಗೆ ಇದರಲ್ಲಿ ಆಶ್ಚರ್ಯಪಡುವಂಥದ್ದೇನಿಲ್ಲ. ನಮ್ಮ ಕಡೆ ಮಲಯಾಳಂ ಮಾತಾಡುವ ಮನೆಗಳಲ್ಲಿ ಬಾಣಲೆಗೆ ಹೇಳುವುದೇ ಚೀನಚಟ್ಟಿ ಎಂದು. ಅಮ್ಮ ಉಪ್ಪಿನಕಾಯಿ ಹಾಕುವುದು ಚೀನಾ ಭರಣಿಯಲ್ಲಿ. ಅವರ ಪಾತ್ರೆ ಇಲ್ಲಿಗೆ ಬಂತು, ಶ್ಯಾವಿಗೆ ಅಲ್ಲಿಗೆ ಹೋಯಿತು, ಅಷ್ಟೇ.

ಪನ್ಸಿತ್‌ಗೆ ಎಳೆಗಳು ಹಲವು ಬಗೆ. ಕಾಂತೊನ್ ಗೋಧಿಯದು, ಹಳದಿ. ಸೊತಾಂಗ್‌ಹೊನ್ ಹೆಸರುಕಾಳಿನ ಪಿಷ್ಟದ್ದು, ಬೆಂದರೆ ಗಾಜಿನ ಹಾಗೆ ಪಾರದರ್ಶಕ. ಬಿಹೊನ್ ಅಕ್ಕಿಯದು, ತೀರ ಸಪೂರ. ಅಕ್ಕಿಯದು ಎಂದು ಎಲ್ಲರೂ ಹೇಳುತ್ತಾರೆ, ಹೆಸರಿನ ಅರ್ಥವೂ ಅದೇ. ಆದರೆ ನನಗೆ ಸಿಕ್ಕಿದ ಪೊಟ್ಟಣದ ಬದಿಯಲ್ಲಿ, ಪುಣ್ಯಕ್ಕೆ ಚೀಟಿ ತಲುಪದ ಜಾಗದಲ್ಲಿ, ಮೊದಲ ಹೆಸರು ಮೆಕ್ಕೆಜೋಳದ ಪಿಷ್ಟದ್ದು. ಅಕ್ಕಿ ಆಮೇಲೆ. ಇದು ಮೋಸವಲ್ಲ, ಹೀಗೆ ಬೆರೆಸಿ ಮಾಡುವುದು ಅಲ್ಲಿ ಮಾಮೂಲು. ಆದರೆ ನಮ್ಮ ಒತ್ತು ಶ್ಯಾವಿಗೆಯ ಅಕ್ಕಿಯ ಪರಿಮಳವನ್ನು ಇದರಲ್ಲಿ ಹುಡುಕಬೇಡಿ. ಇದಕ್ಕೆ ತನ್ನದೆಂಬ ರುಚಿಯೇ ಇಲ್ಲ.

ಮೊದಲ ಪೊಟ್ಟಣ ಒಂದು ಭಾನುವಾರ ಹಾಳಾಯಿತು. ನೀರು ಕುದಿಸಿ, ಉಪ್ಪು, ಒಂದು ಚಮಚ ಎಣ್ಣೆ ಹಾಕಿ, ಎಳೆಗಳನ್ನು ಮುಳುಗಿಸಿ ಕೋಳಿ ತೊಳೆಯಲು ಹೋದೆ. ಬರುವಾಗ ಐದಾರು ನಿಮಿಷವಾಗಿರಬೇಕು. ಪಾತ್ರೆಯಲ್ಲಿ ಎಳೆಗಳಿರಲಿಲ್ಲ, ಒಂದೇ ಒಂದು ಮುದ್ದೆ ಇತ್ತು. ಬಸಿದು ಬಾಣಲೆಗೆ ಹಾಕಿ ಸೌಟಾಡಿಸಿದಷ್ಟೂ ಅದು ಇನ್ನಷ್ಟು ಒಗ್ಗಟ್ಟಾಯಿತು. ಅಮ್ಮ ಬಂದು ಬಗ್ಗಿ ನೋಡಿ, ಸೌಟಿನ ತುದಿಯಿಂದ ಒಮ್ಮೆ ಎಳೆದು, ‘ಅಂಗಡಿಗೆ ಕೊಂಡುಹೋಗು, ಲಕೋಟೆ ಅಂಟಿಸಲು ಆಗುತ್ತದೆ’ ಎಂದರು. ಆ ಕೋಳಿ ಕೊನೆಗೆ ಸುಕ್ಕವಾಗಿ ರೊಟ್ಟಿಯ ಜೊತೆ ಹೋಯಿತು.

ಎರಡನೆಯ ಪೊಟ್ಟಣವನ್ನು ಮುಟ್ಟಲು ಧೈರ್ಯವಾಗದೆ ಊರಿನ ಸಾಮಾನಿನಲ್ಲಿ ಅಭ್ಯಾಸ ಮಾಡೋಣ ಎಂದುಕೊಂಡೆ. ಪಾಯಸಕ್ಕೆ ಹಾಕುವ ಹುರಿದ ಗೋಧಿ ಶ್ಯಾವಿಗೆಯಲ್ಲಿ ಮಾಡಿದ್ದು ಉಪ್ಪಿಟ್ಟಾಯಿತು. ಸೋಯಾ ಸಾಸ್ ಹಾಕಿದ ಉಪ್ಪಿಟ್ಟು, ಹೆಚ್ಚು ಹೇಳುವುದಿಲ್ಲ. ಆಮೇಲೆ ಹಟ ಹಿಡಿದು ಬೆಳ್ತಿಗೆ ಅಕ್ಕಿ ನೆನೆಹಾಕಿ, ರುಬ್ಬಿ, ಮುದ್ದೆ ಬೇಯಿಸಿ, ಅಟ್ಟದಿಂದ ಶ್ಯಾವಿಗೆ ಮಣೆ ಇಳಿಸಿ ಒತ್ತಿದೆ. ಮಣೆಯ ಹಿಡಿಯನ್ನು ಅದುಮಲು ಮಗಳೂ ನೇತಾಡಿದಳು. ಎಳೆಗಳು ಚಂದವಾಗಿ ಬಂದವು. ಬಾಣಲೆಗೆ ಹಾಕಿ ಎರಡು ಸಲ ತಿರುಗಿಸುವಷ್ಟರಲ್ಲಿ ತುಂಡು ತುಂಡಾದವು, ಹಾಕಿದ ಕೋಳಿಯ ನೀರು ತಳದಲ್ಲಿ ಹಾಗೆಯೇ ನಿಂತಿತು. ಅಮ್ಮನಿಗೆ ಮಾತ್ರ ಖುಷಿ. ತಮ್ಮ ಪಾಲಿನ ಶ್ಯಾವಿಗೆಯನ್ನು ಮೊದಲೇ ತೆಗೆದಿರಿಸಿಕೊಂಡು ಕಾಯಿಹಾಲು, ಬೆಲ್ಲ ಸುರಿದು ತಿಂದರು.

ಆದರೆ ಬಿಹೊನ್ ಏಕೆ ಬೇಕು ಎಂಬುದು ನನಗೆ ಗೊತ್ತಾದದ್ದು ಆ ದಿನವೇ. ಒತ್ತು ಶ್ಯಾವಿಗೆ ಹೊಟ್ಟೆ ತುಂಬ ನೀರು ಕುಡಿದೇ ಮಣೆಯಿಂದ ಇಳಿಯುತ್ತದೆ, ಬಾಣಲೆಯಲ್ಲಿ ಅದಕ್ಕೆ ಇನ್ನೇನೂ ಬೇಡ. ಬಿಹೊನ್ ಬಾಯಾರಿಕೊಂಡು ಬರುತ್ತದೆ. ರುಚಿಯಿಲ್ಲದ ಆ ಒಣ ಎಳೆ ಬಾಣಲೆಯಲ್ಲಿರುವುದನ್ನು ಕುಡಿದು ತನ್ನ ರುಚಿ ಮಾಡಿಕೊಳ್ಳುತ್ತದೆ. ನಾನು ಮೊದಲ ಸಲ ಅದಕ್ಕೆ ಕುಡಿಸಿದ್ದು ಬರೀ ನೀರು.

ಎರಡನೆಯ ಪೊಟ್ಟಣ ಬಿಚ್ಚುವ ದಿನ ಆತೆ ವಿಡಿಯೊ ಕರೆಯಲ್ಲಿ ಎದುರಿಗೇ ಕುಳಿತರು. ರಾತ್ರಿ ಪಾಳಿ ಮುಗಿಸಿ ಬಂದವರು, ತಲೆಗೆ ಟವೆಲ್ ಸುತ್ತಿಕೊಂಡಿದ್ದರು. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿದೆವು. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಮಗಳು ಕನ್ನಡಕ್ಕೆ, ಅಮ್ಮನಿಗಾಗಿ ತುಳುವಿಗೆ ತಿರುಗಿಸುತ್ತಿದ್ದಳು.

ಅರ್ಧ ಕಿಲೋ ಕೋಳಿಯನ್ನು ಮೂಳೆಸಹಿತ ಶುಂಠಿ, ಕಾಳುಮೆಣಸು ಹಾಕಿ ಬೇಯಿಸಿ, ಮಾಂಸವನ್ನು ಕೈಯಿಂದ ಎಳೆ ಎಳೆಯಾಗಿ ಬಿಡಿಸಿ ಇಟ್ಟುಕೊಳ್ಳಬೇಕು. ಬೇಯಿಸಿದ ನೀರೇ ಇದರ ಪ್ರಾಣ. ಕಾಲು ಕಿಲೋ ಬಿಹೊನ್‌ಗೆ ಮೂರೂವರೆ ಕಪ್ ಬೇಕು. ಬಿಹೊನ್ ಅನ್ನು ತಣ್ಣೀರಿನಲ್ಲಿ ಹತ್ತು ನಿಮಿಷ ನೆನೆಹಾಕಬೇಕು, ಬಿಸಿನೀರು ಕೂಡದು. ಬೆರಳಿಗೆ ಸುತ್ತಿದರೆ ಮುರಿಯಬಾರದು, ಕಚ್ಚಿದರೆ ಇನ್ನೂ ಹಸಿಯಿರಬೇಕು. ಈ ಹದಕ್ಕೆ ತೆಗೆದು ಜರಡಿ ಪಾತ್ರೆಯಲ್ಲಿ ಬಸಿಯಬೇಕು.

ಆಮೇಲೆ ಬಾಣಲೆ. ಎಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿ, ಈರುಳ್ಳಿ. ಸಿಗಡಿ ಹಾಕಿ ಕೆಂಪಾದ ಕೂಡಲೇ ತೆಗೆದಿಡುವುದು. ಅಂದು ಕುಂಬಳೆಯ ಮೀನು ಮಾರುಕಟ್ಟೆಯಲ್ಲಿ ಸಣ್ಣ ಸಿಗಡಿ ಚೆನ್ನಾಗಿತ್ತು. ಇಲ್ಲಿ ಅದನ್ನು ಸಿಗಡಿ ಎಂದರೂ ಕೊಡುತ್ತಾರೆ, ಎಟ್ಟಿ ಎಂದರೂ ಕೊಡುತ್ತಾರೆ, ಚೆಮ್ಮೀನ್ ಎಂದರೂ ಕೊಡುತ್ತಾರೆ. ಬೆಲೆ ಮೂರು ಭಾಷೆಯಲ್ಲಿಯೂ ಒಂದೇ. ನಂತರ ಕ್ಯಾರೆಟ್, ಬೀನ್ಸ್, ಎಲೆಕೋಸು. ಎರಡು ನಿಮಿಷ ಜೋರು ಉರಿಯಲ್ಲಿ ಬಾಡಿಸಿ ಅದನ್ನೂ ತೆಗೆದಿಡುವುದು. ನನಗೆ ಈ ಹಾಕಿ ತೆಗೆಯುವ ಆಟ ಮೊದಲು ಸಿಟ್ಟು ಬರಿಸಿತು, ಎಲ್ಲವೂ ಒಟ್ಟಿಗೇ ಇದ್ದರೇನು ಎಂದು. ಒಟ್ಟಿಗೇ ಇದ್ದರೆ ಎಲೆಕೋಸು ನೀರು ಬಿಟ್ಟು ಪಲ್ಯವಾಗುತ್ತದೆ. ತೆಗೆದಿಟ್ಟು ಕೊನೆಗೆ ಸೇರಿಸಿದರೆ ಹಲ್ಲಿಗೆ ಕರುಕರು ಸಿಗುತ್ತದೆ.

ಬೀನ್ಸನ್ನು ಅಲ್ಲಿ ಬಾಗಿಯೊ ಬೀನ್ಸ್ ಎನ್ನುತ್ತಾರೆ ಎಂದು ಆತೆ ಹೇಳಿದರು. ಬಾಗಿಯೊ ಬೆಟ್ಟದ ಮೇಲಿನ ತಂಪು ಊರು, ಅಲ್ಲಿಂದ ಇಂಥ ತರಕಾರಿ ಕೆಳಗಿಳಿಯುತ್ತದೆ. ಅಮ್ಮನಿಗೆ ಇದನ್ನು ಯಾರೂ ವಿವರಿಸಬೇಕಾಗಲಿಲ್ಲ. ಅವರ ಲೆಕ್ಕದಲ್ಲಿ ಅಲಸಂಡೆ, ತೊಂಡೆಕಾಯಿ, ಬಸಳೆ ಬಿಟ್ಟು ಉಳಿದದ್ದೆಲ್ಲ ‘ಘಟ್ಟದ ತರಕಾರಿ’.

ಈಗ ಮುಖ್ಯ ಭಾಗ. ಖಾಲಿ ಬಾಣಲೆಗೆ ಬಿಡಿಸಿದ ಕೋಳಿ, ಅದರ ನೀರು, ನಾಲ್ಕು ದೊಡ್ಡ ಚಮಚ ಸೋಯಾ ಸಾಸ್, ಮೆಣಸಿನ ಪುಡಿ, ಅಂದರೆ ಕಾಳುಮೆಣಸಿನದು. ಕುದಿ ಬಂದ ಮೇಲೆ ನೆನೆದ ಬಿಹೊನ್. ಸೌಟು ತಿರುಗಿಸಲು ಹೋದೆ, ಫೋನಿನೊಳಗಿನಿಂದ ಆತೆ ಕೂಗಿದರು. ತಿರುಗಿಸಬಾರದಂತೆ. ಎರಡು ಕೈಯಲ್ಲಿ ಎರಡು ಮುಳ್ಳುಚಮಚ ಹಿಡಿದು ಎಳೆಗಳನ್ನು ಅಡಿಯಿಂದ ಮೇಲಕ್ಕೆ ಎತ್ತುವುದು, ಬಿಡುವುದು, ಎತ್ತುವುದು, ಬಿಡುವುದು. ಆಗ ನೋಡಬೇಕು ಅದನ್ನು. ಬಿಳಿಯ ಎಳೆಗೆ ಮೊದಲು ಬುಡದಲ್ಲಿ ಕಂದು ಬಣ್ಣ ಹತ್ತುತ್ತದೆ, ಎತ್ತಿದಾಗ ಅರ್ಧ ಕಂದು ಅರ್ಧ ಬಿಳಿಯಾಗಿ ಜೋತಾಡುತ್ತದೆ, ಮತ್ತೆರಡು ಸಲ ಎತ್ತುವಷ್ಟರಲ್ಲಿ ಬಣ್ಣ ತುದಿಯವರೆಗೆ ಏರಿರುತ್ತದೆ. ಬಾಣಲೆಯ ನೀರು ಕಣ್ಣೆದುರಿಗೇ ಇಳಿಯುತ್ತದೆ. ಬುಳುಬುಳು ಎನ್ನುತ್ತಿದ್ದ ಸದ್ದು ನಾಲ್ಕೈದು ನಿಮಿಷದಲ್ಲಿ ಸಣ್ಣದಾಗಿ ಚರಚರ ಎನ್ನತೊಡಗುತ್ತದೆ. ಸದ್ದು ಬದಲಾದ ಕೂಡಲೇ ತರಕಾರಿ, ಸಿಗಡಿ ಸೇರಿಸಿ ಒಲೆ ಆರಿಸಬೇಕು. ಆ ಕ್ಷಣ ತಪ್ಪಿದರೆ ತಳ ಹಿಡಿಯುತ್ತದೆ. ಗಡಿಯಾರ ನೋಡುವುದಕ್ಕಿಂತ ಕಿವಿ ಕೊಡುವುದು ಒಳ್ಳೆಯದು; ಮಿಕ್ಸಿ, ಟಿವಿ ಬಂದ್ ಮಾಡಿಸಿ.

ಬಾಣಲೆಯಲ್ಲಿ ಒಂದು ಹನಿ ನೀರು ಉಳಿಯಲಿಲ್ಲ, ಒಂದು ಎಳೆಯೂ ಇನ್ನೊಂದಕ್ಕೆ ಅಂಟಲಿಲ್ಲ. ಇಷ್ಟಕ್ಕೆ ಈ ಪೊಟ್ಟಣಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ಸೋಯಾ ಸಾಸ್ ವಿಷಯದಲ್ಲಿ ಒಂದು ಎಚ್ಚರಿಕೆ. ನಮ್ಮ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಡಾರ್ಕ್ ಎಂದು ಬರೆದದ್ದು. ಅದರಲ್ಲಿ ಬಣ್ಣ ಜಾಸ್ತಿ, ನಾಲ್ಕು ಚಮಚ ಹಾಕಿದರೆ ಡಾಮರು. ಲೈಟ್ ಎಂದು ಬರೆದದ್ದನ್ನು ಕೇಳಿ ತನ್ನಿ. ಅದು ತಿಳಿಯಾಗಿದ್ದರೂ ಉಪ್ಪು ಬಲವಾಗಿರುತ್ತದೆ, ಆದ್ದರಿಂದ ಬೇರೆ ಉಪ್ಪು ಹಾಕಬೇಡಿ. ಕೋಳಿ ಬೇಯಿಸುವಾಗಲೂ ಹಾಕಬೇಡಿ. ನಾನು ಹಾಕಿ ಒಮ್ಮೆ ಎಲ್ಲರೂ ರಾತ್ರಿಯಿಡೀ ನೀರು ಕುಡಿದಿದ್ದೇವೆ.

ಅವರು ಪಾತಿಸ್ ಎಂಬ ಮೀನಿನ ಸಾಸ್ ಕೂಡ ಹಾಕುತ್ತಾರೆ. ಅದು ನನಗೆ ಸಿಗಲಿಲ್ಲ. ಅಮ್ಮ ಸುಮ್ಮನೆ ಎದ್ದು ಹೋಗಿ, ಚಟ್ನಿಗೆಂದು ಡಬ್ಬಿಯಲ್ಲಿಟ್ಟ ಒಣ ಸಿಗಡಿಯಲ್ಲಿ ಒಂದು ಹಿಡಿ ತಂದು, ತಲೆ ಬಾಲ ಮುರಿದು, ಬೆಳ್ಳುಳ್ಳಿಯ ಜೊತೆ ಎಣ್ಣೆಗೆ ಹಾಕಿದರು. ನಾನು ಗಾಬರಿಯಿಂದ ಫೋನಿನ ಕಡೆ ನೋಡಿದೆ. ಆತೆ ನಗುತ್ತಿದ್ದರು. ಅವರ ಮನೆಯಲ್ಲಿಯೂ ಹಾಕುತ್ತಾರಂತೆ, ‘ಹಿಬೆ’ ಎನ್ನುತ್ತಾರಂತೆ. ಅಂದಿನಿಂದ ಅಮ್ಮನಿಗೆ ಆತೆಯ ಮೇಲೆ ಸ್ವಲ್ಪ ಗೌರವ ಬಂದಿದೆ.

ಇನ್ನು ಹುಳಿ. ಕಲಮಾನ್ಸಿ ಎಂಬ ಗೋಲಿಯಷ್ಟು ದೊಡ್ಡ ನಿಂಬೆ ಅಲ್ಲಿ ತಟ್ಟೆಯ ಬದಿಯಲ್ಲಿ ಬರುತ್ತದೆ, ತಿನ್ನುವವರೇ ಹಿಂಡಿಕೊಳ್ಳಬೇಕು. ನಿಂಬೆಯ ಹುಳಿಗೆ ಕಿತ್ತಳೆಯ ವಾಸನೆ ಕೂಡಿದಂತೆ ಅದರ ರುಚಿ ಎಂದು ಹೆಂಡತಿ ಹೇಳುತ್ತಾಳೆ. ನಾನು ಎರಡು ನಿಂಬೆಯ ರಸಕ್ಕೆ ಕೊಡಗಿನ ಕಿತ್ತಳೆಯ ಮೂರು ತೊಳೆ ಹಿಂಡಿದೆ. ಅಸಲಿಗೆ ಎಷ್ಟು ಹತ್ತಿರ ಎಂದು ನಾನು ಹೇಳಲಾರೆ, ಆದರೆ ಹುಳಿಯಿಲ್ಲದೆ ತಿಂದದ್ದಕ್ಕೂ ಹಿಂಡಿ ತಿಂದದ್ದಕ್ಕೂ ಅಜಗಜಾಂತರ. ಸೋಯಾದ ಉಪ್ಪು ಹುಳಿ ಬಿದ್ದ ಮೇಲೆ ಮೆತ್ತಗಾಗುತ್ತದೆ. ಒಲೆಯ ಮೇಲಿರುವಾಗ ಮಾತ್ರ ಹಿಂಡಬೇಡಿ, ಕಹಿಯಾಗುತ್ತದೆ.

ಮಗಳು ಮೂರು ಸಲ ಬಡಿಸಿಕೊಂಡಳು. ಅಮ್ಮ ಒಂದು ತುತ್ತು ತಿಂದು ‘ರುಚಿ ಇದೆ. ಸಾರೆಲ್ಲಿ?’ ಎಂದರು. ಕೋರಿ ರೊಟ್ಟಿ ತಿಂದು ಬೆಳೆದವರಿಗೆ ಒಣಗಿದ್ದರ ಮೇಲೆ ಏನಾದರೂ ಸುರಿಯಲೇಬೇಕು. ಎಲ್ಲ ಸಾರೂ ಒಳಗೇ ಹೋಗಿದೆ ಎಂದು ವಿವರಿಸಿದೆ. ‘ಒಳಗೆ ಹೋದರೆ ಕಾಣುವುದು ಹೇಗೆ?’ ಎಂದರು.

ಮೂರನೆಯ ಪೊಟ್ಟಣವನ್ನು ಇಲ್ಲಿಯೇ ಕೊಂಡದ್ದು ಅಮ್ಮನ ಹುಟ್ಟುಹಬ್ಬಕ್ಕೆ. ಹುಟ್ಟುಹಬ್ಬವೆಂದರೆ ಆಧಾರ್ ಕಾರ್ಡಿನ ಹುಟ್ಟುಹಬ್ಬ, ಜೂನ್ 1. ಅಮ್ಮ ಹುಟ್ಟಿದ್ದು ಸೋಣ ತಿಂಗಳಿನಲ್ಲಿ. ಶಾಲೆಗೆ ಸೇರಿಸುವ ದಿನ ಹೆಡ್‌ಮಾಸ್ಟರರು ಶಾಲೆ ತೆರೆಯುವ ತಾರೀಕನ್ನೇ ಬರೆದುಬಿಟ್ಟರು. ಫಿಲಿಪ್ಪೀನ್ಸಿನಲ್ಲಿ ಹುಟ್ಟುಹಬ್ಬಕ್ಕೆ ಪನ್ಸಿತ್ ಮಾಡದ ಮನೆಯಿಲ್ಲ ಎಂದು ಆತೆ ಹೇಳಿದ್ದರು. ಎಳೆ ಉದ್ದವಿದ್ದಷ್ಟು ಆಯುಸ್ಸು, ಕತ್ತರಿಸಬಾರದು. ಮಗಳು ಇದನ್ನು ಶಾಸನದಂತೆ ಹಿಡಿದಳು. ಲುಕ್ಬಾನ್ ಎಂಬ ಊರಿನಲ್ಲಿ ಪನ್ಸಿತ್ ಹಬ್‌ಹಬ್ ಎಂದು ಬಾಳೆಲೆಯ ಮೇಲೆ ಕೊಡುತ್ತಾರೆ, ಚಮಚವೂ ಇಲ್ಲ ಬೆರಳೂ ಇಲ್ಲ, ಎಲೆಯನ್ನೇ ಬಾಯಿಗೆ ಎತ್ತಿ ತಿನ್ನುವುದು ಎಂದು ಎಲ್ಲೋ ನೋಡಿ, ಹಿತ್ತಿಲಿನಿಂದ ಎಲೆ ಕೊಯ್ದು ತಂದು ಹಾಗೆಯೇ ತಿನ್ನತೊಡಗಿದಳು. ‘ಕರುವೂ ಇದಕ್ಕಿಂತ ಶಿಸ್ತಿನಲ್ಲಿ ತಿನ್ನುತ್ತದೆ’ ಎಂದರು ಅಮ್ಮ. ಅವರಿಗೆ ಎದುರಿನ ಹಲ್ಲು ಮೂರೇ. ಉದ್ದ ಎಳೆ ಬಾಯಿಯಿಂದ ಎಲೆಯವರೆಗೆ ಜೋತು ಬಿತ್ತು. ಸ್ವಲ್ಪ ಹೊತ್ತು ಎಳೆದರು, ನುಂಗಲು ನೋಡಿದರು, ಆಮೇಲೆ ಎರಡು ಬೆರಳಿನಲ್ಲಿ ಪಟಕ್ಕನೆ ತುಂಡು ಮಾಡಿ, ಉಳಿದದ್ದನ್ನೂ ಎಲೆಯಲ್ಲೇ ಕಿವುಚಿ ಅನ್ನದ ಹಾಗೆ ಕಲಸಿಕೊಂಡರು. ಮಗಳು ‘ಅಜ್ಜೀ!’ ಎಂದು ಕಿರುಚಿದಳು.

‘ಎಪ್ಪತ್ತಮೂರಾಯಿತು. ಇನ್ನೆಷ್ಟು ಉದ್ದ ಬೇಕು ನನಗೆ?’ ಎಂದು ಅವರು ಇನ್ನಷ್ಟು ಬಡಿಸಿಕೊಂಡರು.

ಅಂಗಡಿಯ ವಿಚಾರ ಹೇಳದೆ ಮುಗಿಸಿದರೆ ಈ ಬರಹದಿಂದ ಯಾರಿಗೂ ಪ್ರಯೋಜನವಿಲ್ಲ. ಕಾಸರಗೋಡಿನಲ್ಲಿ ಗಲ್ಫ್ ಸಾಮಾನು ಮಾರುವ ಅಂಗಡಿಗಳಲ್ಲಿ ವಿಚಾರಿಸಿ. ನನಗೆ ನಾಲ್ಕನೆಯ ಅಂಗಡಿಯಲ್ಲಿ ಸಿಕ್ಕಿತು, ಹಾಲಿನ ಪುಡಿಯ ಡಬ್ಬಿಗಳಿಗೂ ಕೊಡಲಿ ಮಾರ್ಕಿನ ಎಣ್ಣೆಗೂ ನಡುವೆ, ಕೆಳಗಿನ ಹಲಗೆಯಲ್ಲಿ. ಬಿಹೊನ್ ಎಂದರೆ ಅಂಗಡಿಯವರಿಗೆ ಅರ್ಥವಾಗಲಿಲ್ಲ. ಅವರು ಅದಕ್ಕೆ ಇಟ್ಟ ಹೆಸರು ‘ಒಣ ನೂಲ್ಪುಟ್ಟು’, ಅಂದರೆ ಒಣ ಒತ್ತು ಶ್ಯಾವಿಗೆ. 145 ರೂಪಾಯಿ. ನಮ್ಮ ಶ್ಯಾವಿಗೆಯ ಬೆಲೆಗೆ ಹೋಲಿಸಿದರೆ ದುಬಾರಿ ಎಂದು ಕಾಣುತ್ತದೆ, ಆದರೆ ಕಾಲು ಕಿಲೋ ಉಬ್ಬಿ ಐದು ಜನಕ್ಕೆ ಸಾಕಾಗುತ್ತದೆ. ನಿಜವಾದ ಖರ್ಚು ಸಿಗಡಿಯದು. ಕೊಳ್ಳುವ ಮೊದಲು ಪೊಟ್ಟಣವನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲುಗಾಡಿಸಿ. ಒಳಗೆ ಮರಳು ಸುರಿದಂತೆ ಕೇಳಿಸಿದರೆ ಎಳೆಗಳು ಪುಡಿಯಾಗಿವೆ ಎಂದರ್ಥ, ಬೇರೆ ಕೇಳಿ. ನಾನು ಮೂರು ಅಲುಗಾಡಿಸಿ ನಾಲ್ಕನೆಯದನ್ನು ತಂದೆ. ಅಂಗಡಿಯವರು ನನ್ನನ್ನು ತೆಂಗಿನಕಾಯಿ ಆರಿಸಲು ಬಂದವನಂತೆ ನೋಡುತ್ತಿದ್ದರು.

ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟರೆ ಬೆಳಗ್ಗೆ ತಂತಿಯ ಹಾಗೆ ಬಿರುಸಾಗಿರುತ್ತದೆ. ಹೆದರಬೇಡಿ. ಬಾಣಲೆಗೆ ಹಾಕಿ, ಕೈಯಿಂದ ನೀರು ಚಿಮುಕಿಸಿ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಮೂರು ನಿಮಿಷ ಇಟ್ಟರೆ ಮತ್ತೆ ಬಿಚ್ಚಿಕೊಳ್ಳುತ್ತದೆ. ಆತೆಯ ಊರಿನಲ್ಲಿ ಪನ್ಸಿತ್ ಅನ್ನು ಬ್ರೆಡ್ಡಿನ ಜೊತೆಗೂ ತಿನ್ನುತ್ತಾರಂತೆ. ನಾನು ಕುಂಬಳೆಯ ಬೇಕರಿಯಿಂದ ಬನ್ ತಂದು ನಡುವೆ ಸೀಳಿ ತುಂಬಿಸಿ ಅಂಗಡಿಗೆ ಕಟ್ಟಿಕೊಂಡು ಹೋದೆ. ಹನ್ನೊಂದು ಗಂಟೆಗೆ, ರೇಷನ್ ಕಾರ್ಡಿನ ನಕಲಿಗೆ ಬಂದವರ ಸಾಲು ಕರಗಿದ ಮೇಲೆ, ಝೆರಾಕ್ಸ್ ಯಂತ್ರದ ಬಿಸಿ ಮುಚ್ಚಳದ ಮೇಲೆ ಎರಡು ನಿಮಿಷ ಇಟ್ಟು ತಿಂದೆ.